ಜೇನು ಬಿಟ್ಟುಹೋದ ಬಂಡೆ

“ಗುರುಗಳೇ, ಒಂದು ಮಾತು ಕೇಳಬೇಕು,” ಎಂದ ಶಿಷ್ಯ. “ಈ ಆಶ್ರಮದ ಕಟ್ಟಡ, ನೀರು, ತೋಟ ಎಲ್ಲವನ್ನೂ ನನ್ನ ಕೈಗೆ ಒಪ್ಪಿಸಿ ಮೂರು ವರ್ಷವಾಯಿತು. ಹಳೆಯದನ್ನು ತೆಗೆದು ಹೊಸದು ಮಾಡುತ್ತಲೇ ಇದ್ದೇನೆ. ಇಂದಿನವರೆಗೆ ಒಬ್ಬರೂ ಬೇಡ ಎಂದಿಲ್ಲ. ಹಾಗಾದರೆ ಮಾಡಿದ್ದೆಲ್ಲ ಸರಿ ಎಂದು ತಿಳಿಯಬಹುದೇ?”

ಗುರುಗಳು ಈ ಕತೆ ಹೇಳಿದರು.

ಒಂದು ಬಂಡೆಬೆಟ್ಟದ ಬುಡದಲ್ಲಿ ಮಕ್ಕಳ ಶಿಬಿರ ಕೇಂದ್ರವಿತ್ತು. ಪಟ್ಟಣದ ಶಾಲೆಗಳ ಮಕ್ಕಳು ತಂಡತಂಡವಾಗಿ ಬಂದು, ಒಂದು ವಾರ ಅಲ್ಲಿಯೇ ಉಳಿದು, ಬೆಟ್ಟ ಹತ್ತುವುದು, ಹಗ್ಗ ಕಟ್ಟುವುದು, ಬಯಲಿನಲ್ಲಿ ಬೇಯಿಸಿ ಉಣ್ಣುವುದು ಕಲಿತು ಹೋಗುತ್ತಿದ್ದರು. ಮಳೆಗಾಲದಲ್ಲಿ ಬಂಡೆ ಜಾರುತ್ತದೆ. ಆಗ ಕೆರೆ ಏರಿಯ ಮೇಲೆ ನಡಿಗೆ. ಮಳೆ ನಿಂತಲ್ಲಿಂದ ಚಳಿ ಮುಗಿಯುವವರೆಗೆ ಬಂಡೆ ಹತ್ತುವುದು. ಬಿಸಿಲು ಬಲಿಯುವ ಹೊತ್ತಿಗೆ ಎಲ್ಲಿಂದಲೋ ಹೆಜ್ಜೇನು ಬಂದು ಬಂಡೆಯ ನೆತ್ತಿಯ ಕೆಳಗೆ ಗೂಡು ಕಟ್ಟುತ್ತಿತ್ತು. ಒಂದೆರಡಲ್ಲ, ಇಪ್ಪತ್ತು ಮೂವತ್ತು ಗೂಡು. ಅವು ಮೊದಲ ಮಳೆಗೆ ಎದ್ದು ಹೋಗುವವರೆಗೆ ಯಾರೂ ಬಂಡೆಯ ಹತ್ತಿರ ಸುಳಿಯುತ್ತಿರಲಿಲ್ಲ. ಬೇಸಿಗೆಯ ಮಕ್ಕಳಿಗೆ ದೂರದ ಒಣಹಳ್ಳದಲ್ಲಿ ಪಾಠ.

ಆ ಕೇಂದ್ರಕ್ಕೆ ಹೊಸ ಮುಖ್ಯಸ್ಥೆ ಬಂದಳು. ಕೆಲಸ ಬಲ್ಲವಳು, ಮಕ್ಕಳ ಮೇಲೆ ಅಕ್ಕರೆಯುಳ್ಳವಳು. ಮೊದಲ ವರ್ಷ ಸೋರುವ ಮಾಡನ್ನು ತೆಗೆಸಿ ಹೊಸ ಮಾಡು ಹಾಕಿಸಿದಳು. ಮಕ್ಕಳಿಗೆ ಹೊಟ್ಟೆನೋವು ಬರುತ್ತಿದೆ ಎಂದು ಬಾವಿಯ ನೀರನ್ನು ಶುದ್ಧ ಮಾಡಿಸಿದಳು. ಕಕ್ಕಸಿಗೆ ಹೋಗುವ ದಾರಿಗೆ ಕಲ್ಲು ಹಾಸಿಸಿ ದೀಪ ಹಾಕಿಸಿದಳು. ಮಾಡಿದ್ದೆಲ್ಲ ಒಳ್ಳೆಯದೇ ಆಯಿತು. ಉಳಿದದ್ದು ಬೇಸಿಗೆ ಒಂದೇ. ರಜೆಯಲ್ಲಿ ಮಕ್ಕಳು ಹೆಚ್ಚಾಗಿ ಬರುವ ತಿಂಗಳುಗಳಲ್ಲೇ ಬಂಡೆ ಮುಚ್ಚಿರುವುದು ಅವಳಿಗೆ ಸರಿ ಕಾಣಲಿಲ್ಲ. ಜೇನು ಎದ್ದು ಮಕ್ಕಳನ್ನು ಕಚ್ಚಿದರೆ ಎಂಬ ಭಯವೂ ಇತ್ತು.

ಬಂಡೆಯ ಹಗ್ಗಗಳನ್ನು ನೋಡಿಕೊಳ್ಳುವ ಮುದುಕನೊಬ್ಬ ಅಲ್ಲಿದ್ದ. ಅವನನ್ನು ಕರೆದು ಕೇಳಿದಳು.

“ಈ ಸಲ ಜೇನು ತೆಗೆಸಿಬಿಡೋಣವೇ?”

“ಅವು ಇರುವಷ್ಟು ದಿನ ಬಂಡೆ ಅವುಗಳದು,” ಎಂದ ಮುದುಕ. “ಮೊದಲಿನಿಂದ ಹಾಗೇ ನಡೆದುಕೊಂಡು ಬಂದಿದೆ.”

ಅದು ಅಭ್ಯಾಸದ ಮಾತು, ಕಾರಣವಲ್ಲ ಎಂದು ಅವಳಿಗೆ ಅನ್ನಿಸಿತು. ಬೇಡ ಎಂದೇನೂ ಹೇಳಲಿಲ್ಲವಲ್ಲ ಎಂದುಕೊಂಡು ಜೇನು ಬಿಡಿಸುವವರಿಗೆ ಹೇಳಿಕಳಿಸಿದಳು.

ಅವರು ಎರಡು ದಿನ ಹೊಗೆ ಹಾಕಿದರು. ಗೂಡುಗಳನ್ನು ಕೊಯ್ದು ಕೆಳಗೆ ಕೆಡವಿದರು. ಮೇಣದ ಕಣ್ಣುಗಳಲ್ಲಿ ಬಿಳಿಯ ಮರಿಗಳು ಇನ್ನೂ ಮಿಸುಕುತ್ತಿದ್ದವು. ಒಂದು ಕೊಡದಷ್ಟು ಜೇನುತುಪ್ಪ ಸಿಕ್ಕಿತು. ಮಕ್ಕಳಿಗೆ ಬಡಿಸಲು ಹೇಳಿದರೆ ಅಡುಗೆಯವಳು ಅದನ್ನು ಮುಟ್ಟಲಿಲ್ಲ. ಹುಳುಗಳು ಮೂರು ದಿನ ಖಾಲಿ ಬಂಡೆಯನ್ನು ಸುತ್ತಿದವು. ನಾಲ್ಕನೆಯ ದಿನ ಒಂದೂ ಇರಲಿಲ್ಲ. ಮುಖ್ಯಸ್ಥೆ ಬಂಡೆಯನ್ನು ನೀರು ಹೊಡೆಸಿ ತೊಳೆಸಿದಳು.

ಮರುವಾರ ಬೇಸಿಗೆಯ ಮೊದಲ ತಂಡ ಬಂತು. ಮೊದಲು ಹತ್ತಿದ ಹುಡುಗ ಅರ್ಧ ದಾರಿಯಲ್ಲಿ ನಿಂತುಬಿಟ್ಟ. ಹೆದರಿರಬೇಕು ಎಂದು ಮುಖ್ಯಸ್ಥೆ ಕೆಳಗಿನಿಂದ ಧೈರ್ಯ ಹೇಳಿದಳು. ಹುಡುಗ ಹೆದರಿರಲಿಲ್ಲ. ಕೆನ್ನೆಯನ್ನು ಕಲ್ಲಿಗೆ ಒತ್ತಿ, ಕಣ್ಣು ಮುಚ್ಚಿಕೊಂಡು ನಿಂತಿದ್ದ. ಎಷ್ಟು ಕರೆದರೂ ಬಾರದೆ ಕೊನೆಗೆ ಹಗ್ಗದಿಂದ ಇಳಿಸಬೇಕಾಯಿತು.

“ಒಳಗೆ ಗುಂಯ್ ಎನ್ನುತ್ತಿದೆ,” ಎಂದ ಅವನು.

ಎರಡನೆಯವನೂ ಅಲ್ಲಿಯೇ ನಿಂತ. ಮೂರನೆಯವಳೂ ನಿಂತಳು. ಆ ದಿನ ಹತ್ತಿದ ಹನ್ನೆರಡು ಮಕ್ಕಳಲ್ಲಿ ಒಬ್ಬರೂ ತುದಿ ಮುಟ್ಟಲಿಲ್ಲ, ಒಬ್ಬರೂ ತಾವಾಗಿ ಕೆಳಗೆ ಬರಲಿಲ್ಲ.

ಮರುದಿನ ಮಧ್ಯಾಹ್ನ ಅಡುಗೆಯವಳು ಬಂದು ಮುಖ್ಯಸ್ಥೆಯ ಎದುರು ನಿಂತಳು. “ಮಕ್ಕಳು ಉಣ್ಣುವಾಗ ಗುನುಗುತ್ತಿದ್ದಾರೆ ಅಮ್ಮ. ಎಲ್ಲರದೂ ಒಂದೇ ಸ್ವರ. ಉಸಿರು ತೆಗೆದುಕೊಳ್ಳಲೂ ನಿಲ್ಲಿಸುವುದಿಲ್ಲ. ನನಗೆ ಅಲ್ಲಿ ನಿಂತು ಬಡಿಸಲು ಆಗುತ್ತಿಲ್ಲ.”

ಮುಖ್ಯಸ್ಥೆ ಊಟದ ಮನೆಗೆ ಹೋಗಿ ಬಾಗಿಲಲ್ಲಿ ನಿಂತಳು. ನಲವತ್ತು ಮಕ್ಕಳು ತಲೆ ತಗ್ಗಿಸಿ ಉಣ್ಣುತ್ತಿದ್ದರು. ತಟ್ಟೆಗೆ ಚಮಚ ತಾಗುವ ಸದ್ದು ಕೇಳಿಸಿತು. ಬೇರೇನೂ ಇಲ್ಲ.

“ಈಗ ನಿಲ್ಲಿಸಿದ್ದಾರಲ್ಲ,” ಎಂದಳು.

ಅಡುಗೆಯವಳು ಎರಡೂ ಕಿವಿಗಳ ಮೇಲೆ ಕೈ ಇಟ್ಟುಕೊಂಡಿದ್ದಳು. ಅವಳು ಮುಖ್ಯಸ್ಥೆಯನ್ನು ಒಮ್ಮೆ ನೋಡಿ ಅಡುಗೆಮನೆಗೆ ಹೋದಳು.

ಎಲ್ಲರೂ ಸೇರಿ ತನ್ನನ್ನು ಆಟ ಆಡಿಸುತ್ತಿದ್ದಾರೆ ಎಂದು ಮುಖ್ಯಸ್ಥೆಗೆ ಸಿಟ್ಟು ಬಂತು. ಬಂಡೆ ಹತ್ತುವುದನ್ನು ನಿಲ್ಲಿಸಲಿಲ್ಲ. ನಾಲ್ಕನೆಯ ದಿನ ಒಬ್ಬ ಹುಡುಗಿ, ಹತ್ತು ವರ್ಷದವಳು, ಅರ್ಧ ಎತ್ತರದ ಚಾಚುಗಲ್ಲಿನ ಮೇಲೆ ನಿಂತು ಕಲ್ಲಿಗೆ ಕಿವಿ ಇಟ್ಟಳು. ಆಮೇಲೆ ನಿಧಾನವಾಗಿ ಸೊಂಟದ ಹಗ್ಗದ ಗಂಟು ಬಿಚ್ಚತೊಡಗಿದಳು. ಅವಸರವಿರಲಿಲ್ಲ. ಕಲಿಸಿದ ಕ್ರಮದಲ್ಲೇ ಒಂದೊಂದು ಸುತ್ತು ಬಿಡಿಸಿದಳು. ಮುದುಕ ಪಕ್ಕದ ಕೊರಕಲಿನಿಂದ ಏರಿ ಹೋಗಿ ಅವಳ ತೋಳು ಹಿಡಿಯುವ ಹೊತ್ತಿಗೆ ಹಗ್ಗ ಕೆಳಗೆ ಬಿದ್ದಿತ್ತು. ಹುಡುಗಿಯ ಒಂದು ಕಾಲು ಕಲ್ಲಿನ ಅಂಚಿನಾಚೆ ಇತ್ತು. ಅವನು ಅವಳನ್ನು ಕೆಳಗೆ ಇಳಿಸಿ ತಂದ.

“ಗಂಟು ಯಾಕೆ ಬಿಚ್ಚಿದೆ ಮಗು?” ಎಂದು ಮುಖ್ಯಸ್ಥೆ ಕೇಳಿದಳು.

“ಹಗ್ಗ ನನ್ನನ್ನು ಹಿಂದಕ್ಕೆ ಹಿಡಿದಿತ್ತು,” ಎಂದಳು ಹುಡುಗಿ. “ಇನ್ನೂ ಹತ್ತಿರ ಬಾ ಎಂದರು.”

“ಯಾರು?”

ಇಷ್ಟು ಜೋರಾಗಿ ಕೇಳಿಸುತ್ತಿರುವುದನ್ನು ಇನ್ನೊಬ್ಬರನ್ನು ಕೇಳಿ ತಿಳಿಯಬೇಕೇ ಎಂಬಂತೆ ಹುಡುಗಿ ಅವಳ ಮುಖ ನೋಡಿದಳು.

ಅಂದೇ ತಂಡವನ್ನು ಊರಿಗೆ ಕಳಿಸಿದರು. ಬಸ್ಸು ಮರೆಯಾದ ಮೇಲೆ ಮುಖ್ಯಸ್ಥೆ ಒಬ್ಬಳೇ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಆ ಚಾಚುಗಲ್ಲಿನವರೆಗೆ ಹತ್ತಿದಳು. ಮುದುಕ ಕೆಳಗೆ ಹಗ್ಗ ಹಿಡಿದು ನಿಂತ. ಅವಳು ಕಲ್ಲಿಗೆ ಕಿವಿ ಇಟ್ಟಳು. ಕಲ್ಲು ಬಿಸಿಯಾಗಿತ್ತು. ಮೊದಲು ಬಲಗಿವಿ, ಆಮೇಲೆ ಎಡಗಿವಿ. ಬಿಸಿಲು ಇಳಿಯುವವರೆಗೆ ನಿಂತಳು. ತನ್ನ ಎದೆಬಡಿತ ಬಿಟ್ಟು ಬೇರೆ ಸದ್ದು ಅವಳಿಗೆ ಸಿಗಲಿಲ್ಲ.

ಇಳಿದು ಬಂದು ಮುದುಕನನ್ನು ಕೇಳಿದಳು. “ನಿನಗೆ ಕೇಳುತ್ತದೆಯೇ?”

“ಹುಳು ಹೋದ ದಿನದಿಂದ,” ಎಂದ ಅವನು. “ಕಿವಿ ಇಡಬೇಕೆಂದೇ ಇಲ್ಲ. ಇಲ್ಲಿ ನಿಂತರೂ ಕೇಳುತ್ತದೆ. ಈಗಲೂ.”

ಅವಳು ಬಂಡೆಯ ದಾರಿಗೆ ಮುಳ್ಳುಬೇಲಿ ಹಾಕಿಸಿದಳು. ಮಳೆಗಾಲ ಬಂತು, ಚಳಿಗಾಲ ಬಂತು. ಆ ವರ್ಷ ಯಾವ ಕಾಲದಲ್ಲೂ ಯಾರೂ ಬಂಡೆ ಹತ್ತಲಿಲ್ಲ. ಮುಂದಿನ ಬೇಸಿಗೆಗೆ ಜೇನು ಬರಲಿಲ್ಲ. ಅದರ ಮುಂದಿನ ಬೇಸಿಗೆಗೂ ಬರಲಿಲ್ಲ. ಬಂದ ಮಕ್ಕಳು ಬೇಲಿಯ ಬಳಿ ಸಾಲಾಗಿ ನಿಂತು, ಕರೆಯುವವರೆಗೆ ಅಲ್ಲಿಂದ ಕದಲುತ್ತಿರಲಿಲ್ಲ. ಕೆಲಸದವರು ಒಬ್ಬೊಬ್ಬರಾಗಿ ಬಿಟ್ಟುಹೋದರು. ಅಡುಗೆಯವಳು ಮೊದಲು ಹೋದಳು.

ಮೂರನೆಯ ಬೇಸಿಗೆಯಲ್ಲಿ ಒಂದು ಬೆಳಗ್ಗೆ ಮುದುಕ ಬಂದು ಬಾಗಿಲು ತಟ್ಟಿದ. “ಒಳಗಿನದು ನಿಂತಿತು,” ಎಂದ. “ಬಂದು ನೋಡಿ.”

ಬಂಡೆಯ ನೆತ್ತಿಯ ಕೆಳಗೆ ಅಂಗೈ ಅಗಲದ ಒಂದು ಕಪ್ಪು ಗೂಡು ಕೂತಿತ್ತು. ಗೂಡಿನ ಮೈಮೇಲೆ ಹುಳುಗಳು ಅಲೆಯಂತೆ ಅತ್ತಿಂದಿತ್ತ ಮಿರುಗುತ್ತಿದ್ದವು. ಮುದುಕನ ಕಣ್ಣಲ್ಲಿ ನೀರಿತ್ತು.

“ಈಗ ಸರಿಯಾಗಿ ಮೊರೆಯುತ್ತಿದೆ,” ಎಂದ ಅವನು. “ಅಲ್ಲವೇ ಅಮ್ಮ?”

ಅವಳು ಹೌದೆಂದು ತಲೆಯಾಡಿಸಿದಳು. ಒಂದು ಹುಳು ಹಾರಿ ಬಂದು ಅವಳ ತೋಳಿನ ಮೇಲೆ ಕೂತಿತು. ತೋಳನ್ನು ಕಿವಿಯ ಹತ್ತಿರ ತಂದುಕೊಂಡಳು. ರೆಕ್ಕೆ ಅದುರುವುದು ಚರ್ಮಕ್ಕೆ ಚೆನ್ನಾಗಿ ತಿಳಿಯಿತು. ದೂರದಲ್ಲಿ ಯಾರೋ ಬಾವಿಗೆ ಕೊಡ ಇಳಿಸುವ ಸದ್ದು ಕೇಳಿಸಿತು. ಹುಳುವಿನಿಂದ ಯಾವ ಸದ್ದೂ ಬರಲಿಲ್ಲ.

ಆಮೇಲೆ ಅವಳು ಆ ಕೇಂದ್ರದಲ್ಲಿ ಒಂಬತ್ತು ವರ್ಷ ಇದ್ದಳು. ಗೂಡುಗಳು ಮತ್ತೆ ಮೂವತ್ತಾದವು. ಪ್ರತಿ ಬೇಸಿಗೆಯಲ್ಲೂ ಬೆಳಗ್ಗೆ ಎದ್ದು, ಮೊದಲು ಕಂಡವರ ಬಳಿ, ಅದು ಕಸ ಗುಡಿಸುವವಳಾಗಲಿ, ಹಿಂದಿನ ದಿನವಷ್ಟೇ ಬಂದ ಮಗುವಾಗಲಿ, ಹೋಗಿ ಕೇಳುತ್ತಿದ್ದಳು. “ಇವತ್ತು ಮೊರೆತ ಎಲ್ಲಿಂದ ಬರುತ್ತಿದೆ? ಗೂಡಿನಿಂದಲೋ, ಕಲ್ಲಿನಿಂದಲೋ?” ಅವರು ಗೂಡಿನತ್ತ ಕೈ ತೋರಿಸಿದ ಮೇಲೆಯೇ ಮಕ್ಕಳನ್ನು ಒಣಹಳ್ಳಕ್ಕೆ ಕಳಿಸುತ್ತಿದ್ದಳು.

ಗುರುಗಳು ಕತೆ ನಿಲ್ಲಿಸಿದರು.

“ಪಾಪ,” ಎಂದ ಶಿಷ್ಯ. “ಜೇನು ತೆಗೆಸುವ ಮೊದಲೇ ಯಾರಾದರೂ ಅವಳಿಗೆ ಬಿಡಿಸಿ ಹೇಳಬಹುದಿತ್ತು.”

“ನಿನಗೂ ಎಲ್ಲರೂ ಹೇಳುತ್ತಲೇ ಇದ್ದಾರೆ,” ಎಂದರು ಗುರುಗಳು.