ನಾಲ್ಕನೆಯ ಬೆಲ್ಟು

ಈ ಕತೆಯನ್ನು ನನಗೆ ಹೇಳಿದವರು ರೇವಣಾರಾಧ್ಯ ಮೇಷ್ಟ್ರು. ತರಬೇತಿ ಕೇಂದ್ರದಲ್ಲಿ ಪುಲ್ಲಿ, ಬೆಲ್ಟು, ಚೈನು, ಗೇರುಗಳ ಮೊದಲ ಪಾಠ ನಾನು ಕಲಿತದ್ದು ಅವರಲ್ಲಿ. ಇಪ್ಪತ್ತು ವರ್ಷಗಳ ಮೇಲೆ ಮತ್ತೆ ಹೋಗಿ ಕೇಳಿದ್ದು ಒಂದೇ ಪ್ರಶ್ನೆ.

"ಮೇಷ್ಟ್ರೇ, ಹಳಬರು ತಡೆದುಕೊಳ್ಳುವ ಕೆಲಸದಲ್ಲಿ ಹೊಸಬರು ಯಾಕೆ ಮುರಿದು ಬೀಳುತ್ತಾರೆ?"

ಕಾಗದದ ಕಾರ್ಖಾನೆಯ ರಿಪೇರಿ ವಿಭಾಗದಲ್ಲಿ ನಾವು ನಾಲ್ವರು. ಮೂವರು ಹಳಬರು, ಅವರಲ್ಲಿ ಒಬ್ಬಳು ನಾನು, ಮೇಲ್ವಿಚಾರಕಿ. ನಾಲ್ಕನೆಯ ಜಾಗಕ್ಕೆ ಬಂದವರು ನಿಲ್ಲುತ್ತಿರಲಿಲ್ಲ. ಮೊದಲನೆಯವನು ವರ್ಷದೊಳಗೆ ಬಿಟ್ಟ. ಎರಡನೆಯವನು ಹೇಳದೆ ಹೋದ. ಮೂರನೆಯವಳು ಶಿವಗಂಗೆ. ಬೇರಿಂಗಿಗೆ ಗ್ರೀಸು ತುಂಬಲು, ಕಳಚಿದ ಚೈನು ಕೂರಿಸಲು ಅವಳು ಕರೆದಲ್ಲಿಗೆ ಓಡುತ್ತಿದ್ದಳು. ಹೇಗೆ ಮಾಡಬೇಕೆಂದು ನಾವು ಹೇಳಿಕೊಡುತ್ತಿದ್ದೆವು. ಒಂದು ದಿನ ಯಂತ್ರದ ಪಕ್ಕದಲ್ಲೇ ಕುಸಿದಳು. ಆಸ್ಪತ್ರೆ ಸೇರಿ ಹನ್ನೆರಡು ದಿನವಾಗಿತ್ತು. ಅವಳನ್ನು ಕೆಲಸದಲ್ಲಿ ಉಳಿಸಬೇಕೇ ಎಂಬ ವರದಿ ನನ್ನ ಚೀಲದಲ್ಲಿತ್ತು. 'ಈ ಕೆಲಸಕ್ಕೆ ಶಕ್ತಳಲ್ಲ' ಎಂದು ಬರೆದಾಗಿತ್ತು, ಸಹಿಯೊಂದು ಬಾಕಿ. ಅವಳ ಮನೆಯಲ್ಲಿ ದುಡಿಯುವವರು ಬೇರೆ ಯಾರೂ ಇಲ್ಲವೆಂಬುದು ನನಗೆ ಗೊತ್ತಿತ್ತು. ವರದಿಯಲ್ಲಿ ಅದಕ್ಕೆ ಕಾಲಂ ಇರಲಿಲ್ಲ.

ಮೇಷ್ಟ್ರು ವರದಿಯನ್ನು ಕೈಗೆ ತೆಗೆದುಕೊಳ್ಳಲಿಲ್ಲ. ಹೀಗೆ ಹೇಳಿದರು.

ಒಬ್ಬ ಗಿರಣಿಯವನಿದ್ದ. ಅವನ ಅಕ್ಕಿ ಗಿರಣಿಯಲ್ಲಿ ಮೋಟರಿನ ಬಲವನ್ನು ಯಂತ್ರಕ್ಕೆ ಮುಟ್ಟಿಸಲು ನಾಲ್ಕು ಬೆಲ್ಟುಗಳು, ಒಂದೇ ಪುಲ್ಲಿಯ ಮೇಲೆ ಪಕ್ಕಪಕ್ಕದಲ್ಲಿ. ಏಳು ವರ್ಷ ಓಡಿದ ಮೇಲೆ ಒಂದು ಹರಿಯಿತು. ಫಿಟರ್ ಬಂದು, ನಾಲ್ಕನ್ನೂ ಒಟ್ಟಿಗೆ ಬದಲಾಯಿಸಿ ಎಂದ. "ಮೂರು ಚೆನ್ನಾಗಿರುವಾಗ ನಾಲ್ಕು ಯಾಕಯ್ಯ? ಅಂಗಡಿಯವನು ನಿನ್ನ ಭಾವಮೈದುನನೇ?" ಎಂದ ಗಿರಣಿಯವನು. ಫಿಟರ್ ಒಂದನ್ನೇ ಹಾಕಿ ಹೋದ.

ಹೊಸದು ಎರಡು ತಿಂಗಳಲ್ಲಿ ಹರಿಯಿತು. ಇನ್ನೊಂದು ತಂದ. ಅದೂ ಹರಿಯಿತು. ಸಡಿಲ ಬಿಟ್ಟದ್ದೇ ತಪ್ಪಾಯಿತೆಂದು ಮೋಟರನ್ನು ಹಿಂದಕ್ಕೆ ಸರಿಸಿ ಬಿಗಿ ಮಾಡಿದ. ಮುಂದಿನದು ಮೂರು ವಾರಕ್ಕೇ ಹರಿಯಿತು. ಹರಿದವನ್ನು ಮೊಳೆಗೆ ನೇತುಹಾಕಿದ. ಈಗಿನ ಮಾಲಿನಲ್ಲಿ ಸತ್ವವಿಲ್ಲ, ಹಳೆಯ ಮೂರನ್ನು ನೋಡಿ, ಇಂದಿಗೂ ದಣಿದಿಲ್ಲ ಎಂದು ಬಂದವರಿಗೆಲ್ಲ ತೋರಿಸುತ್ತಿದ್ದ. ಬಂದವರು ಹೌದೆನ್ನುತ್ತಿದ್ದರು. ಅವರೂ ವಯಸ್ಸಾದವರೇ.

ಮೊಳೆ ತುಂಬಿದ ಮೇಲೆ ಫಿಟರನ್ನು ಮತ್ತೆ ಕರೆಸಿದ. ಫಿಟರ್ ಯಂತ್ರ ನಿಲ್ಲಿಸಿ, ಫ್ಯೂಸು ತೆಗೆದು ಜೇಬಿಗೆ ಹಾಕಿಕೊಂಡು, "ಒಂದೊಂದು ಬೆಲ್ಟನ್ನೂ ಹೆಬ್ಬೆರಳಿನಿಂದ ಒತ್ತಿ ನೋಡಿ," ಎಂದ. ಗಿರಣಿಯವನು ಒತ್ತಿದ. ಹೊಸದು ಜಗ್ಗಲಿಲ್ಲ. ಹಳೆಯವು ಮೂರೂ ಬೆರಳಿನ ಜೊತೆಗೇ ತಗ್ಗಿದವು.

"ಹಳೆಯವು ಹಿಗ್ಗಿ ಸಡಿಲಾಗಿವೆ. ನಾಲ್ಕೂ ತಿರುಗುತ್ತವೆ ಯಜಮಾನರೇ, ಎಳೆಯುವುದು ಒಂದೇ," ಎಂದ ಫಿಟರ್. "ಓಡುವಾಗ ಕಾಣುವುದಿಲ್ಲ. ನಿಲ್ಲಿಸಿ ಮುಟ್ಟಬೇಕು."

ಗಿರಣಿಯವನು ಮೊಳೆಯ ಕಡೆ ನೋಡಿದ. ಅಲ್ಲಿ ಆರು ನೇತಾಡುತ್ತಿದ್ದವು.

ಮೇಷ್ಟ್ರು ಅಷ್ಟಕ್ಕೇ ನಿಲ್ಲಿಸಿದರು. ಭಾರ ಹೆಚ್ಚಾಯಿತೆಂದು ಶಿವಗಂಗೆ ಒಮ್ಮೆಯೂ ಬಾಯಿಬಿಟ್ಟು ಹೇಳಿರಲಿಲ್ಲ ಎಂದೆ ನಾನು. ವರದಿಯನ್ನು ಬದಲಿಸಿ ಬರೆಯುತ್ತೇನೆ, ಉಳಿದಿಬ್ಬರನ್ನು ಕೂರಿಸಿಕೊಂಡು ಬುದ್ಧಿ ಹೇಳುತ್ತೇನೆ ಎಂದೂ ಅಂದೆ.

"ಈ ಕತೆಯನ್ನೇ ಹೇಳು," ಎಂದರು ಮೇಷ್ಟ್ರು, "ಹೇಳುವ ಮೊದಲು ಹೆಬ್ಬೆರಳನ್ನು ನಿನ್ನ ಮೇಲಿಟ್ಟು ನೋಡಿಕೊ."