ಕಾಳಮ್ಮನ ಮನೆಗೆ ಬಂದ ಮೂರು ಗಿರಾಕಿಗಳು

ಕೇಳಿ ಮಕ್ಕಳೇ. ಕಂಚಿನ ಪಾತ್ರೆಗೆ ಹೆಸರಾದ ಒಂದು ರಾಜ್ಯವಿತ್ತು. ಅಲ್ಲಿನ ಕಂಚುಗಾರರ ಕೇರಿಯಲ್ಲಿ ಕಾಳಮ್ಮ ಅಂತ ಒಬ್ಬಳು ಮುದುಕಿ. ಗಂಡ ತೀರಿಕೊಂಡು ಹತ್ತು ವರ್ಷವಾಗಿತ್ತು. ಇಬ್ಬರೂ ದುಡಿದು ಕಟ್ಟಿದ ಮನೆ ಉಳಿದಿತ್ತು. ಹಿಂದೆ ಬಾವಿ, ಮುಂದೆ ಕುಲುಮೆ. ಮಗ ಮೌನಾಚಾರಿ ಹೆಂಡತಿ ಮಕ್ಕಳ ಜೊತೆ ಎದುರುಮನೆಯಲ್ಲಿದ್ದ. ದುಡಿಮೆ ಮಾತ್ರ ತಾಯಿಯ ಕುಲುಮೆಯಲ್ಲೇ.

ಆಮೇಲೆ ಕಾಳಮ್ಮನ ಎರಡೂ ಕಾಲು ಬಿದ್ದುಹೋದವು. ಗಂಡ ಸತ್ತು ತವರಿಗೆ ಬಂದಿದ್ದ ಮಗಳು ಈರಮ್ಮ ನಾಲ್ಕು ವರ್ಷ ತಾಯಿಯನ್ನು ಎತ್ತಿದಳು, ತೊಳೆದಳು, ಉಣಿಸಿದಳು. ಒಂದು ಬೆಳಗ್ಗೆ ಎತ್ತುವಾಗ ಅವಳ ಸೊಂಟವೇ ಹೋಯಿತು. ಆಮೇಲೆ ಬಿಂದಿಗೆ ಎತ್ತಲೂ ಆಗಲಿಲ್ಲ. ಕಾಳಮ್ಮ ಒದ್ದೆ ಚಾಪೆಯಲ್ಲೇ ಮಲಗಿದಳು. ಬೆನ್ನಲ್ಲಿ ಹುಣ್ಣಾಯಿತು.

ಹೊಳೆಯಾಚೆ ಒಂದು ಆಸರೆಮನೆ ಇತ್ತು. ಅಲ್ಲಿನ ಹೆಂಗಸರು ಕೈಲಾಗದವರನ್ನು ಕೊನೆತನಕ ನೋಡಿಕೊಳ್ಳುತ್ತಿದ್ದರು. ಪುಕ್ಕಟೆಯಲ್ಲ.

"ಮನೆ ಮಾರೋಣ," ಅಂದಳು ಕಾಳಮ್ಮ. "ನಾನೂ ಈರಿಯೂ ಅಲ್ಲಿಗೆ ಹೋಗ್ತೀವಿ."

ಆ ಕೇರಿಯ ಕಟ್ಟಳೆ ಹೀಗೆ. ಮನೆ ಮಾರಬೇಕಾದರೆ ಮಕ್ಕಳೆಲ್ಲ ಅರಿಸಿನದ ನೀರಲ್ಲಿ ಕೈ ಅದ್ದಿ ಬಾಗಿಲ ಚೌಕಟ್ಟಿಗೆ ಒತ್ತಬೇಕು. ಒಂದು ಕೈ ತಪ್ಪಿದರೂ ಮಾರುವ ಹಾಗಿಲ್ಲ. ಆದರೆ ಒತ್ತಲ್ಲ ಅಂದವನು ತಾಯಿಯನ್ನು ತನ್ನ ಮನೆಗೆ ಕರೆದೊಯ್ದು ಸಾಕಬೇಕು.

ಮೌನಾಚಾರಿಗೆ ಕುಲುಮೆ ಬೇಕು, ತಾಯಿ ಬೇಡ.

"ಒತ್ತುತ್ತೀನಿ ಬಿಡವ್ವಾ," ಅಂದ. "ಗಿರಾಕಿ ಬರಲಿ."

ಮೊದಲು ಎಣ್ಣೆ ವ್ಯಾಪಾರಿ ಬಂದ. ಮೌನಾಚಾರಿ ಹೊಸ್ತಿಲಲ್ಲೇ ತಡೆದ. "ಮನೆಯೇನೋ ಚೆನ್ನಾಗಿದೆ ಅಣ್ಣಾ. ಬಾವಿ ನೀರು ಕುಡಿದರೆ ಮಾತ್ರ ಹೊಟ್ಟೇಲಿ ಹುಳ." ಗಿರಾಕಿ ಹೋದ. ಒಳಗೆ ಕಾಳಮ್ಮ ಕೇಳಿಸಿಕೊಂಡಳು. ಹುಣ್ಣು ಅಂಗೈಯಗಲ ಆಯಿತು.

ಆಮೇಲೆ ಬಟ್ಟೆ ವ್ಯಾಪಾರಿ ಬಂದ. "ಪ್ರತಿ ಮಳೆಗೂ ಗೋಡೆ ಕುಸೀತದೆ ಸ್ವಾಮಿ," ಅಂದ ಮೌನಾಚಾರಿ. ಆ ಗಿರಾಕಿಯೂ ಹೋದ. ಕಾಳಮ್ಮ ಕೇಳಿಸಿಕೊಂಡಳು. ಹುಣ್ಣು ನಾರತೊಡಗಿತು.

ಕೊನೆಗೆ ಬೆಲ್ಲದ ವ್ಯಾಪಾರಿ ಬಂದ. ಮೌನಾಚಾರಿ ದನಿ ತಗ್ಗಿಸಿದ. "ನಮ್ಮಪ್ಪ ಆ ತೊಲೆಗೇ ನೇಣು ಹಾಕ್ಕೊಂಡಿದ್ದು." ಬೆಲ್ಲದವನು ಚಪ್ಪಲಿಯನ್ನೂ ಸರಿಯಾಗಿ ಮೆಟ್ಟದೆ ಹೊರಟ.

ಕಾಳಮ್ಮ ಅಳಲಿಲ್ಲ. ಗಂಡ ಜ್ವರದಲ್ಲಿ ಅವಳ ತೊಡೆಯ ಮೇಲೇ ತಲೆಯಿಟ್ಟು ಸತ್ತಿದ್ದ.

"ಈರೀ, ಕೇರಿಯ ಯಜಮಾನರನ್ನ ಕರಿ," ಅಂದಳು. "ಆ ಮೂರು ಗಿರಾಕಿಗಳನ್ನೂ ಕರಿ."

ಈರಮ್ಮ ಕೋಲೂರಿಕೊಂಡು ಹೋಗಿ ಕರೆತಂದಳು. ಮೂವರೂ ತಾವು ಕೇಳಿದ್ದನ್ನು ಎಲ್ಲರೆದುರು ಹೇಳಿದರು.

"ನಿಜವೇನಪ್ಪಾ?" ಅಂತ ಕಾಳಮ್ಮ ಮಗನನ್ನು ಕೇಳಿದಳು.

ಸತ್ತ ತಂದೆಯ ಮೇಲೆ ಸುಳ್ಳು ಹೊರಿಸಿದವನ ಕುಲುಮೆಯ ಬೆಂಕಿಗೆ ನೀರು ಹೊಯ್ದು, ಅವನು ಮತ್ತೆ ಸ್ವಂತ ಕುಲುಮೆ ಹೂಡದಂತೆ ಮಾಡುವುದು ಆ ಕುಲದ ಶಿಕ್ಷೆ. ಮೌನಾಚಾರಿಗೆ ಅದು ಗೊತ್ತಿತ್ತು.

"ನಿಜ," ಅಂದ. "ಮರ್ಯಾದೆಗೆ ಅಂಜಿ ಮುಚ್ಚಿಟ್ಟಿದ್ವಿ."

ಕಾಳಮ್ಮನ ಗಂಡನ ಹೆಣ ತೊಳೆದವರಲ್ಲಿ ಯಜಮಾನನೂ ಒಬ್ಬ. ಅವನು ಬಾಯಿ ತೆರೆಯುವಷ್ಟರಲ್ಲಿ ಕಾಳಮ್ಮ ಕಣ್ಸನ್ನೆಯಲ್ಲೇ ತಡೆದಳು.

"ಹುಳದ ನೀರು, ಕುಸಿಯೋ ಗೋಡೆ, ನೇಣಿನ ತೊಲೆ," ಅಂದಳು ಕಾಳಮ್ಮ. "ಇಂಥಾ ಮನೇನ ಮಗನ ತಲೆಗೆ ಕಟ್ಟಲಾ? ಇಲ್ಲಿ ಮೊಮ್ಮಕ್ಕಳನ್ನ ಮಲಗಿಸ್ತೀಯೇನೋ? ಬೇಡಪ್ಪ. ಕೈ ಒತ್ತಿಬಿಡು."

"ಹೇಗಿದ್ರೂ ಅಪ್ಪನ ಮನೆ..." ಅಂತ ರಾಗ ಎಳೆದ ಮೌನಾಚಾರಿ.

"ಹಾಗಾದರೆ ಇಟ್ಟುಕೋ," ಅಂದ ಯಜಮಾನ. "ಈಗಲೇ ನಿಮ್ಮವ್ವನ್ನ ಹೊತ್ತುಕೊಂಡು ನಡಿ."

ಮೌನಾಚಾರಿ ಚಾಪೆ ನೋಡಿದ. ಮೂಗಿಗೆ ವಾಸನೆ ಬಡಿಯಿತು. ಅರಿಸಿನದಲ್ಲಿ ಕೈ ಅದ್ದಿ ಚೌಕಟ್ಟಿಗೆ ಒತ್ತಿದ. ಈರಮ್ಮನೂ ಒತ್ತಿದಳು.

ಆಗ ಕಾಳಮ್ಮ ಯಜಮಾನನ ಕಡೆ ತಿರುಗಿದಳು. "ಅಣ್ಣಾ, ನನ್ನ ಗಂಡನ ಮೈ ತೊಳೆದವರು ನೀವು. ಕತ್ತಿನ ಮೇಲೆ ಹಗ್ಗದ ಗುರುತಿತ್ತಾ?"

"ಇರಲಿಲ್ಲ ತಂಗಿ. ಜ್ವರ ಅವನನ್ನ ತಗೊಂಡುಹೋಯ್ತು."

ಕೇರಿಯವರು ಅಲ್ಲೇ ಬಾವಿಯಿಂದ ನೀರು ಸೇದಿದರು. ಮೊದಲು ತಾವು ಕುಡಿದರು. ಉಳಿದದ್ದನ್ನು ಮೌನಾಚಾರಿಯ ಬೆಂಕಿಗೆ ಹೊಯ್ದರು. ಅಂದಿನಿಂದ ಅವನು ಕಂಡವರ ಕುಲುಮೆಯಲ್ಲಿ ತಿದಿ ಒತ್ತಿ ಹೊಟ್ಟೆ ಹೊರೆದ.

ಎಣ್ಣೆ ವ್ಯಾಪಾರಿ ಮನೆ ಕೊಂಡ. ಆದರೆ ನೇಣಿನ ಮಾತು ಆಗಲೇ ಸಂತೆ ಸೇರಿತ್ತು; ಮನೆ ಅರ್ಧಬೆಲೆಗೆ ಹೋಯಿತು. ಆ ಹಣ ಒಬ್ಬಳ ಆರೈಕೆಗಷ್ಟೇ ಸಾಕಾಯಿತು. ಈರಮ್ಮ ಬಾಗಿದ ಸೊಂಟದಲ್ಲೇ ಆಸರೆಮನೆಯ ಪಾತ್ರೆ ತೊಳೆದು ಅಲ್ಲೇ ಉಂಡಳು.

ಕಾಳಮ್ಮ ಬದುಕಿದ್ದು ಒಂದೇ ಮಳೆಗಾಲ. ಹುಣ್ಣು ಎಲುಬು ಮುಟ್ಟಿತ್ತು. ಅಲ್ಲಿನ ಹೆಂಗಸರು ದಿನಕ್ಕೆ ಮೂರು ಸಲ ತೊಳೆದರೂ ಮಾಯಲಿಲ್ಲ. ಆದರೂ ಅವಳು ಸತ್ತಿದ್ದು ಒಣಗಿದ ಬಟ್ಟೆಯ ಮೇಲೆ.

ಇದರ ನೀತಿ ಇಷ್ಟೇ, ಮಕ್ಕಳೇ. ಹೆತ್ತವರು ಕಟ್ಟಿದ ಮನೆ ಮೊದಲು ಹೆತ್ತವರ ಮೈಗಾಗಬೇಕು. ಉಳಿದರೆ ಮಕ್ಕಳಿಗೆ. ಉಳಿಯದಿದ್ದರೆ ಇಲ್ಲ.