ಮುಸುವ ತೆಗೆದ ಫೋಟೊ

ಪಿಕಳಾರ ಹಕ್ಕಿಯ ಮರಿ ಅಂದು ಮೊದಲ ಸಲ ಗೂಡುಬಿಟ್ಟು ಹಾರುವುದಿತ್ತು. ತಾಯಿ ಹಕ್ಕಿ ಕರೆದಳೆಂದು ಫೋಟೊ ತೆಗೆಯಲು ಬಂದ ಉದ್ದ ಬಾಲದ ಕೋತಿ ಮುಸುವ ಮೊಬೈಲ್ ಎತ್ತಿ ಹಿಡಿದರೆ ಪರದೆಯೆಲ್ಲ ಕಪ್ಪು! ಆಫ್ ಮಾಡಿ ಆನ್ ಮಾಡಿದ, ಕೊಡವಿದ, ಬೈದ.

"ಅಣ್ಣಾ, ನಿಮ್ಮ ಬೆರಳು..." ಎಂದಿತು ಮೊಬೈಲ್.

"ಸುಮ್ಮನಿರು! ರಿಪೇರಿ ಮಾಡುವಾಗ ಮಾತಾಡಬೇಡ."

"ಬೆರಳು ನನ್ನ ಕಣ್ಣಿನ ಮೇಲಿದೆ ಅಣ್ಣಾ."

ಮುಸುವ ನಾಚಿ ಬೆರಳು ತೆಗೆದ. ಪರದೆ ಬೆಳಗಿತು. ಅಷ್ಟರಲ್ಲಿ ಮರಿ ಹಾರಿಹೋಗಿ, ಖಾಲಿ ಗೂಡೊಂದೇ ಕಾಣಿಸಿತು.

"ಅಕ್ಕಾ, ಕ್ಯಾಮೆರಾ ಸರಿಹೋಯಿತು. ಮರಿಗೆ ಇನ್ನೊಮ್ಮೆ ಮೊದಲ ಸಲ ಹಾರಲು ಹೇಳಿ," ಎಂದು ಅವನು ಗೋಗರೆದ.

ತಾಯಿ ಹಕ್ಕಿ ನಕ್ಕಳು. "ಎಷ್ಟು ಚೆಂದ ಹಾರಿತಲ್ಲಣ್ಣ! ಇಲ್ಲೇ ಇದ್ದಿರಿ, ನೀವು ನೋಡಲಿಲ್ಲವೇ?"